ಸವೆದ ಗಂಟಿಗೆ ಮಜ್ಜೆಯ ಮದ್ದು

ಮುಂಬಯಿಯಲ್ಲಿ ನಾಲ್ಕು ಮಂದಿ ಕನ್ನಡಿಗ ಹಿರಿಯರು ಒಂದೆಡೆ ಕೂತರೆ ಮಾತು ಮೊದಲು ಊರಿನ ಮಳೆಯ ಮೇಲೆ ಹೋಗುತ್ತದೆ. ಆಮೇಲೆ ನೇರವಾಗಿ ಮೊಣಕಾಲಿಗೆ ಬರುತ್ತದೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದು, ಹೋಟೆಲಿನ ಕಲ್ಲುನೆಲದ ಮೇಲೆ ದಿನಕ್ಕೆ ಹನ್ನೆರಡು ಗಂಟೆ ನಿಂತು ದುಡಿದ ಕಾಲುಗಳು ಅವು. ಹೆಂಗಸರದಾದರೆ, ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ತಿಕ್ಕಿದ, ಲಿಫ್ಟಿಲ್ಲದ ಕಟ್ಟಡದ ಮೇಲಿನ ಮಾಳಿಗೆಗೆ ನೀರು ಹೊತ್ತ ಕಾಲುಗಳು. ಕಾಂದಿವಲಿ ಸ್ಟೇಷನ್ನಿನಲ್ಲಿ ಅವರು ಕಂಬಿ ಹಿಡಿದು, ಒಂದೊಂದು ಮೆಟ್ಟಲಿಗೂ ಎರಡು ಕಾಲು ಕೂಡಿಸಿ ಸೇತುವೆ ಹತ್ತುವುದನ್ನು ನಾವೆಲ್ಲ ದಿನಾ ನೋಡುತ್ತೇವೆ. ಹಿಂದಿನಿಂದ ಅವಸರದಲ್ಲಿ ದೂಡಿಕೊಂಡು ಹೋಗುವವರೂ ನಾವೇ.

ವಾಣಿಜ್ಯ ವಿದ್ಯಾರ್ಥಿಯಾದವನು ಜಮಾ-ಖರ್ಚು ಬಿಟ್ಟು ಮೂಳೆ-ಮಜ್ಜೆಯ ವಿಷಯಕ್ಕೆ ಯಾಕೆ ಕೈ ಹಾಕಿದ ಅಂತ ಸಂಘದ ಮಿತ್ರರು ಕೇಳಬಹುದು. ಕಾರಣ ಒಂದು ಕರಪತ್ರ. ನಾನು ಅತ್ತೆ ಎಂದು ಕರೆಯುವ ನೆರೆಮನೆಯ ಹಿರಿಯರೊಬ್ಬರ ಕೈಗೆ ಅದನ್ನು ಯಾರೋ ಕೊಟ್ಟಿದ್ದರು. ನಿಮ್ಮದೇ ಮಜ್ಜೆಯ ಸ್ಟೆಮ್ ಸೆಲ್‌ನಿಂದ, ಶಸ್ತ್ರಕ್ರಿಯೆಯಿಲ್ಲದೆ, ಸವೆದ ಗಂಟು ಹೊಸದಾಗುತ್ತದೆ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ ಅದರಲ್ಲಿತ್ತು. "ಏನು ಬರೆದದ್ದು ಮಗಾ ಇದರಲ್ಲಿ? ಸರಿ ಉಂಟಾದರೆ ಬ್ಯಾಂಕಿನಲ್ಲಿ ಇಟ್ಟದ್ದನ್ನು ತೆಗೆಯುವಾ ಅಂತ ಇದ್ದೇನೆ" ಅಂದರು. ಒಕ್ಕಣೆಯನ್ನು ಕನ್ನಡದಲ್ಲಿ ಹೇಳಿದೆ. ಆದರೆ ಅವರು ಕೇಳಿದ್ದು ಅರ್ಥವನ್ನಲ್ಲ, ಸತ್ಯವನ್ನು. ಅದಕ್ಕಾಗಿ ಕೆಲವು ವಾರ ಓದಬೇಕಾಯಿತು. ಓದಿ ತಿಳಿದದ್ದನ್ನು ಮನೆಯ ಹಿರಿಯರಿಗೂ ಓದಿ ಹೇಳಬಹುದಾದ ಮಾತಿನಲ್ಲಿ ಇಲ್ಲಿ ಇಡುತ್ತಿದ್ದೇನೆ.

ಮೃದ್ವಸ್ಥಿ ಎಂಬ ಮೆತ್ತೆ

ಕನ್ನಡ ಶಾಲೆಯಲ್ಲಿ ಓದಿದವರಿಗೆ ಮೃದ್ವಸ್ಥಿ ಎಂಬ ಶಬ್ದ ನೆನಪಿರಬಹುದು. ಮೃದು ಮತ್ತು ಅಸ್ಥಿ, ಅಂದರೆ ಮೆತ್ತಗಿನ ಎಲುಬು. ಕಿವಿಯ ಮೇಲಂಚನ್ನು ಮಡಚಿ ಬಿಟ್ಟರೆ ಮೊದಲಿನಂತಾಗುತ್ತದಲ್ಲ, ಅದು ಒಂದು ಬಗೆಯ ಮೃದ್ವಸ್ಥಿ. ಕೀಲುಗಳ ಒಳಗಿರುವುದು ಇನ್ನೊಂದು ಬಗೆ. ಎರಡು ಮೂಳೆಗಳ ತುದಿ ಸೇರುವಲ್ಲಿ, ಹಾಲು ಬಣ್ಣದ ಗಾಜಿನಂತೆ ನುಣುಪಾಗಿ, ಬರೀ ಎರಡು-ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಅದು ಅಂಟಿಕೊಂಡಿರುತ್ತದೆ. ಮೇಲೆ ಕೀಲಿನ ರಸ ಎಣ್ಣೆಯಂತೆ ಸವರಿರುತ್ತದೆ.

ಈ ತೆಳು ಪದರದ ಕೆಲಸವೇನು ಕಡಿಮೆಯೇ? ಸಮನೆಲದ ಮೇಲೆ ನಡೆಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ನಮ್ಮ ಮೈತೂಕದ ಸುಮಾರು ಎರಡೂವರೆ ಪಟ್ಟು. ಮೆಟ್ಟಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು. 60 ಕಿಲೋ ತೂಕದ ಮನುಷ್ಯ ಸೇತುವೆ ಇಳಿಯುವಾಗ ಒಂದೊಂದು ಹೆಜ್ಜೆಗೂ ಎರಡು ಕ್ವಿಂಟಲಿನ ಭಾರ ಈ ಮೆತ್ತೆಯ ಮೇಲೆ ಬಿದ್ದಂತಾಯಿತು. ಅದನ್ನು ಅದು ತಡೆಯುವುದು ನೀರಿನ ಬಲದಿಂದ. ಮೃದ್ವಸ್ಥಿಯ ತೂಕದಲ್ಲಿ ಮುಕ್ಕಾಲು ಪಾಲಿನ ಆಸುಪಾಸು ನೀರೇ. ಕೊಲಾಜೆನ್ ಎಂಬ ನಾರಿನ ಬಲೆ. ಆ ಬಲೆಯೊಳಗೆ ನೀರು ಹೀರಿ ಉಬ್ಬಿಕೊಂಡಿರುವ ದೊಡ್ಡ ಅಣುಗಳು. ಒತ್ತಿದರೆ ನೀರು ಹೊರಗೆ ಸರಿಯುತ್ತದೆ, ಬಿಟ್ಟರೆ ಮರಳಿ ಬರುತ್ತದೆ. ಒದ್ದೆ ಸ್ಪಂಜಿನ ಹಾಗೆ ಅಂದುಕೊಳ್ಳಿ.

ಈ ಬಲೆಯನ್ನು ನೇಯ್ದು ಕಾಪಾಡುವ ಕೋಶಗಳು ಬಹಳ ವಿರಳ, ಒಟ್ಟು ಗಾತ್ರದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ದೊಡ್ಡ ಗೋದಾಮಿಗೆ ಇಬ್ಬರೇ ಕಾವಲುಗಾರರಿದ್ದಂತೆ, ಒಬ್ಬೊಬ್ಬನೂ ತನ್ನ ಸಣ್ಣ ಗೂಡಿನಲ್ಲಿ ಒಂಟಿಯಾಗಿ ಕೂತಿರುತ್ತಾನೆ.

ಗಾಯ ಮಾಯುವುದಿಲ್ಲ ಯಾಕೆ?

ಕೈ ಕೊಯ್ದುಕೊಂಡರೆ ಎಂಟು ದಿನದಲ್ಲಿ ಮಾಯುತ್ತದೆ. ಮೂಳೆ ಮುರಿದರೂ ಕೂಡುತ್ತದೆ. ಮೃದ್ವಸ್ಥಿ ಮಾತ್ರ ಒಮ್ಮೆ ಹರಿದರೆ ಹಾಗೆಯೇ ಉಳಿಯುತ್ತದೆ. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಹಂಟರ್ 1743ರಲ್ಲೇ ಇದನ್ನು ಬರೆದಿಟ್ಟಿದ್ದ.

ಕಾರಣ ಸರಳ. ಮೈಯಲ್ಲಿ ಎಲ್ಲಿ ಗಾಯವಾದರೂ ಮೊದಲು ರಕ್ತ ಬರುತ್ತದೆ, ಹೆಪ್ಪುಗಟ್ಟುತ್ತದೆ. ರಿಪೇರಿಗೆ ಬೇಕಾದ ಕೋಶಗಳು ಆ ಹೆಪ್ಪಿನೊಳಕ್ಕೆ ಬಂದು ಕೆಲಸ ಶುರುಮಾಡುತ್ತವೆ. ಮೃದ್ವಸ್ಥಿಯಲ್ಲಿ ರಕ್ತನಾಳವೇ ಇಲ್ಲ. ನಡೆದಾಗ ಒತ್ತಿ, ಬಿಟ್ಟಾಗ ಉಬ್ಬಿ, ಕೀಲುರಸದಿಂದ ಹೀರಿಕೊಂಡ ಆಹಾರವೇ ಅದರ ಊಟ. ರಕ್ತವಿಲ್ಲ, ಹೆಪ್ಪಿಲ್ಲ, ಆದ್ದರಿಂದ ರಿಪೇರಿಯ ಆಳುಗಳು ಬರುವ ದಾರಿಯೂ ಇಲ್ಲ. ಇನ್ನೂ ಒಂದು ಮಾತು: ಅದರಲ್ಲಿ ನರಗಳೂ ಇಲ್ಲ. ಹಾಗಾಗಿ ಸವೆತ ಶುರುವಾದಾಗ ನೋವು ಗೊತ್ತಾಗುವುದಿಲ್ಲ. ಸುತ್ತಲಿನ ಪೊರೆ ಊದಿಕೊಂಡು, ಕೆಳಗಿನ ಮೂಳೆಗೆ ಪೆಟ್ಟು ಬೀಳುವ ಹೊತ್ತಿಗೆ ನೋವು ತಿಳಿಯುತ್ತದೆ. ಅಷ್ಟರಲ್ಲಿ ಬಹಳಷ್ಟು ಖರ್ಚಾಗಿರುತ್ತದೆ.

ನಮ್ಮ ಲೆಕ್ಕಶಾಸ್ತ್ರದಲ್ಲಿ ಯಂತ್ರಕ್ಕೆ ಸವಕಳಿ ಹಾಕುತ್ತೇವೆ, ಹೊಸ ಯಂತ್ರಕ್ಕೆಂದು ಪ್ರತಿವರ್ಷ ಒಂದಿಷ್ಟು ನಿಧಿ ಎತ್ತಿಡುತ್ತೇವೆ. ಪ್ರಕೃತಿ ಮೃದ್ವಸ್ಥಿಗೆ ಸವಕಳಿಯನ್ನು ಮಾತ್ರ ಬರೆದಿದೆ, ನಿಧಿಯನ್ನು ಎತ್ತಿಟ್ಟಿಲ್ಲ. ಆದರೆ ಆ ಮೆತ್ತೆಯ ಕೆಳಗೇ, ಮೂಳೆಯೊಳಗೆ, ಒಂದು ಉಗ್ರಾಣ ಇದೆ. ಅದೇ ಅಸ್ಥಿಮಜ್ಜೆ.

ಮಜ್ಜೆಯಲ್ಲಿ ಎರಡು ವಂಶ

ಮೈಯ ಹೆಚ್ಚಿನ ಕೋಶಗಳು ತಮ್ಮ ತಮ್ಮ ಕಸುಬಿಗೆ ಕಟ್ಟುಬಿದ್ದವು. ಚರ್ಮದ ಕೋಶ ಚರ್ಮವೇ, ಸ್ನಾಯುವಿನ ಕೋಶ ಸ್ನಾಯುವೇ. ಕೆಲವು ಕೋಶಗಳು ಮಾತ್ರ ಇನ್ನೂ ಕಸುಬು ಆರಿಸಿಕೊಳ್ಳದೆ ಉಳಿದಿರುತ್ತವೆ. ಅವು ತಮ್ಮಂಥವೇ ಇನ್ನಷ್ಟನ್ನು ಹೆರಬಲ್ಲವು, ಬೇಕಾದಾಗ ಬೇರೆ ಕೋಶವಾಗಿಯೂ ಮಾರ್ಪಡಬಲ್ಲವು. ಇವೇ ಆಕರಕೋಶಗಳು, ಜನ ಸ್ಟೆಮ್ ಸೆಲ್ ಅನ್ನುವುದು ಇವನ್ನೇ.

ಮಜ್ಜೆಯಲ್ಲಿ ಇಂಥವು ಎರಡು ವಂಶದವು. ಒಂದು ರಕ್ತವನ್ನು ಹುಟ್ಟಿಸುವ ವಂಶ. ಕೆನಡಾದ ಟೊರಾಂಟೊದಲ್ಲಿ ಟಿಲ್ ಮತ್ತು ಮೆಕಲಕ್ ಎಂಬ ವಿಜ್ಞಾನಿಗಳು 1961ರಲ್ಲಿ ಇದರ ಇರುವಿಕೆಯನ್ನು ಇಲಿಗಳಲ್ಲಿ ತೋರಿಸಿಕೊಟ್ಟರು. ರಕ್ತದ ಕ್ಯಾನ್ಸರಿಗೆ ಮಾಡುವ ಮಜ್ಜೆಯ ಕಸಿ ನಿಂತಿರುವುದು ಈ ವಂಶದ ಮೇಲೆ. ಭಾರತದಲ್ಲಿ ಮೊದಲ ಮಜ್ಜೆ ಕಸಿ ನಡೆದದ್ದು ನಮ್ಮ ಮುಂಬಯಿಯಲ್ಲೇ, 1983ರಲ್ಲಿ, ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಡಾ. ಸುರೇಶ್ ಅಡ್ವಾಣಿಯವರ ನೇತೃತ್ವದಲ್ಲಿ. ಬಾಲ್ಯದ ಪೋಲಿಯೋದಿಂದ ಗಾಲಿಕುರ್ಚಿ ಹಿಡಿದ ವೈದ್ಯರು ಅವರು ಎಂಬುದು ನೆನಪಿಡಬೇಕಾದ ಮಾತು.

ಎರಡನೆಯದು ನಮ್ಮ ಇಂದಿನ ವಿಷಯಕ್ಕೆ ಬೇಕಾದ ವಂಶ. ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960 ಮತ್ತು 70ರ ದಶಕಗಳಲ್ಲಿ ಒಂದು ವಿಚಿತ್ರ ಗಮನಿಸಿದರು. ಮಜ್ಜೆಯನ್ನು ಪ್ರಯೋಗಶಾಲೆಯ ತಟ್ಟೆಯಲ್ಲಿ ಹಾಕಿಟ್ಟರೆ ಹೆಚ್ಚಿನ ಕೋಶಗಳು ತೇಲುತ್ತವೆ. ಕೆಲವೇ ಕೆಲವು ಮಾತ್ರ ತಳಕ್ಕೆ ಅಂಟಿಕೊಂಡು, ಬೆಳೆದು, ಗುಂಪುಗಟ್ಟುತ್ತವೆ. ಆ ಅಂಟುಕೋಶಗಳಿಗೆ ಮೂಳೆಯಾಗುವ ಶಕ್ತಿ ಇದೆ ಅಂತ ಅವರು ಕಂಡುಕೊಂಡರು. ಸರಿಯಾದ ಪೋಷಣೆ ಕೊಟ್ಟರೆ ಇವು ಕೊಬ್ಬೂ ಆಗಬಲ್ಲವು, ಮೃದ್ವಸ್ಥಿಯೂ ಆಗಬಲ್ಲವು ಎಂಬುದು ಮುಂದೆ ಸ್ಪಷ್ಟವಾಯಿತು. 1991ರಲ್ಲಿ ಅಮೇರಿಕದ ಆರ್ನಾಲ್ಡ್ ಕ್ಯಾಪ್ಲನ್ ಇವಕ್ಕೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಹೆಸರನ್ನು ಚಾಲ್ತಿಗೆ ತಂದರು. ಹೆಸರು ಉದ್ದವಾಯಿತು, ನಾವು ಇಲ್ಲಿ ಮಜ್ಜೆಯ ಆಕರಕೋಶ ಅಂತಲೇ ಕರೆಯೋಣ.

ತೊಂದರೆ ಅಂದರೆ ಇವು ಅತ್ಯಂತ ಕಡಿಮೆ. ಮಜ್ಜೆಯ ಹತ್ತು ಸಾವಿರ ಕೋಶಗಳಲ್ಲಿ ಒಂದು, ಕೆಲವೊಮ್ಮೆ ಲಕ್ಷದಲ್ಲಿ ಒಂದು. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಮೂಳೆಗೆ ತೂತು ಕೊರೆದವರು

ಉಗ್ರಾಣ ಕೆಳಗೇ ಇರುವಾಗ ನೆಲ ಕೊರೆದರಾಯಿತಲ್ಲ? ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಶಸ್ತ್ರವೈದ್ಯ ಪ್ರೀಡಿ ಮಾಡಿದ್ದು ಅದನ್ನೇ. ಮೃದ್ವಸ್ಥಿ ಸವೆದ ಜಾಗದಲ್ಲಿ ಮೂಳೆಗೆ ಸಣ್ಣ ಸಣ್ಣ ತೂತು ಕೊರೆದು ಮಜ್ಜೆಯ ರಕ್ತ ಮೇಲೆ ಒಸರುವಂತೆ ಮಾಡಿದರು. 1959ರಲ್ಲಿ ಇದನ್ನು ಪ್ರಕಟಿಸಿದರು. ಮುಂದೆ 1980ರ ದಶಕದಲ್ಲಿ ಅಮೇರಿಕದ ಸ್ಟೆಡ್‌ಮನ್ ಇದನ್ನೇ ಇನ್ನಷ್ಟು ನಯಗೊಳಿಸಿದರು. ದೂರದರ್ಶಕದಂಥ ನಳಿಗೆಯನ್ನು ಕೀಲಿನೊಳಗೆ ತೂರಿಸಿ, ಮೊನಚು ದಬ್ಬಳದಿಂದ ಮೂಳೆಯ ಮೈಯಲ್ಲಿ ಚುಚ್ಚುತ್ತಾರೆ. ಆಟಗಾರರ ಮೊಣಕಾಲಿಗೆ ಇದು ಬಹಳ ಪ್ರಚಲಿತವಾಯಿತು.

ರಕ್ತ ಬಂತು, ಹೆಪ್ಪುಗಟ್ಟಿತು, ಅದರೊಂದಿಗೆ ಆಕರಕೋಶವೂ ಬಂತು. ಆ ಜಾಗದಲ್ಲಿ ಹೊಸದೊಂದು ಪದರ ಬೆಳೆಯಿತು ಕೂಡ. ಆದರೆ ಅದು ಹಳೆಯ ಗಾಜಿನಂಥ ಮೃದ್ವಸ್ಥಿ ಅಲ್ಲ, ನಾರುನಾರಾದ, ಗಾಯದ ಕಲೆಯಂಥದ್ದು. ಕೆಲವು ವರ್ಷ ಕೆಲಸಕ್ಕೆ ಬರುತ್ತದೆ. ಭಾರ ಬಿದ್ದಂತೆ ಮತ್ತೆ ಸವೆಯುತ್ತದೆ. ರೇಷ್ಮೆ ಸೀರೆ ಹರಿದಲ್ಲಿ ಗೋಣಿಯ ತೇಪೆ ಹಚ್ಚಿದ ಹಾಗೆ.

ಹೊರಗೆ ಬೆಳೆಸಿ ಒಳಗೆ ಹಾಕುವುದು

ತಾನಾಗಿ ಬರುವ ಕೋಶ ಸಾಲದಾದರೆ, ಹೊರಗೆ ತೆಗೆದು, ಬೆಳೆಸಿ, ಹೆಚ್ಚಿಸಿ ಹಾಕಬಾರದೇಕೆ? ಇದು ಮುಂದಿನ ಹೆಜ್ಜೆ. ಸ್ವೀಡನ್ನಿನ ಗೊಥೆನ್‌ಬರ್ಗಿನಲ್ಲಿ ಬ್ರಿಟ್‌ಬರ್ಗ್, ಪೀಟರ್ಸನ್ ಮತ್ತು ಸಂಗಡಿಗರು 23 ರೋಗಿಗಳ ಮೊಣಕಾಲಿನಿಂದ ಮೃದ್ವಸ್ಥಿಯ ಚೂರು ತೆಗೆದು, ಅದರ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಹಾನಿಯಾದ ಜಾಗದಲ್ಲಿ ನೆಟ್ಟದ್ದನ್ನು 1994ರಲ್ಲಿ ಪ್ರಕಟಿಸಿದರು. ಇಲ್ಲಿ ಬಳಸಿದ್ದು ಮಜ್ಜೆಯನ್ನಲ್ಲ, ಮೃದ್ವಸ್ಥಿಯದೇ ಕೋಶವನ್ನು. ಈ ಬಗೆಯ ಚಿಕಿತ್ಸೆ ಪೆಟ್ಟು ಬಿದ್ದು ಒಂದೇ ಕಡೆ ಗುಳಿಬಿದ್ದ ಮೊಣಕಾಲಿಗೆ ಹೊಂದುತ್ತದೆ; ಪ್ರಾಯದಿಂದ ಪೂರ್ತಿ ಸವೆದದ್ದಕ್ಕೆ ಅಲ್ಲ. ಒಳ್ಳೆಯ ಮೃದ್ವಸ್ಥಿಯ ಚೂರನ್ನು ಕದಿಯಬೇಕು ಎಂಬ ಕೊರತೆಯೂ ಉಂಟು. ಸೊಂಟದ ಮೂಳೆಯಿಂದ ಮಜ್ಜೆ ಎಳೆಯುವುದಾದರೆ ಕೀಲಿಗೆ ಹೊಸ ಗಾಯವಿಲ್ಲ.

ಜಪಾನಿನ ವಾಕಿತಾನಿ ಈ ದಾರಿ ಹಿಡಿದರು. 1994ರಲ್ಲಿ ಮೊಲಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ. ಮೊಣಕಾಲಿನ ಮೂಳೆ ನೇರಗೊಳಿಸುವ ಶಸ್ತ್ರಕ್ರಿಯೆಗೆ ಬಂದ 24 ಮಂದಿಯಲ್ಲಿ 12 ಮಂದಿಗೆ ಅವರವರದೇ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಹಾಕಿದರು. ಉಳಿದ 12 ಮಂದಿಗೆ ಕೋಶವಿಲ್ಲದ ಅಂಟನ್ನು ಮಾತ್ರ. ಫಲಿತಾಂಶ 2002ರಲ್ಲಿ ಬಂತು. ಒಳಗೆ ನಳಿಗೆ ಹಾಕಿ ನೋಡಿದಾಗ ಕೋಶ ಹಾಕಿದವರ ಮೃದ್ವಸ್ಥಿ ಹೆಚ್ಚು ಚೆನ್ನಾಗಿ ಕಂಡಿತು. ಆದರೆ ನೋವು, ನಡಿಗೆಗಳಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಹೀಗೆ ಕೋಶ ಪಡೆದ 41 ಮಂದಿಯನ್ನು ಗರಿಷ್ಠ ಹನ್ನೊಂದು ವರ್ಷ ಮೀರಿ ಹಿಂಬಾಲಿಸಿದಾಗ ಗಡ್ಡೆಯಾಗಲಿ ಸೋಂಕಾಗಲಿ ಕಾಣಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ಭಯಪಟ್ಟಷ್ಟು ಅಪಾಯವಿಲ್ಲ ಎಂಬ ಧೈರ್ಯ ಇದರಿಂದ ಬಂತು. ಗುಣ ಎಷ್ಟು ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಇನ್ನೊಂದು ತೊಡಕೂ ಇದೆ. ಮಜ್ಜೆಯ ಆಕರಕೋಶಗಳಿಗೆ ಮೂಳೆಯ ಕಡೆಗೇ ಒಲವು. ಮೃದ್ವಸ್ಥಿಯಾಗಿ ಬೆಳೆಯಲು ಹೊರಟವು ಅಲ್ಲಿಗೇ ನಿಲ್ಲದೆ, ಉಬ್ಬಿ, ಗಟ್ಟಿಯಾಗಿ ಮೂಳೆಯ ದಾರಿ ಹಿಡಿಯುತ್ತವೆ. ಭ್ರೂಣದಲ್ಲಿ ನಮ್ಮ ಉದ್ದ ಮೂಳೆಗಳು ಹುಟ್ಟುವುದೂ ಹೀಗೆಯೇ, ಮೊದಲು ಮೃದ್ವಸ್ಥಿ, ಆಮೇಲೆ ಮೂಳೆ. ಮೃದ್ವಸ್ಥಿಯಾದೊಡನೆ ಸಾಕು ಅಂತ ಅವನ್ನು ಅಲ್ಲೇ ನಿಲ್ಲಿಸುವುದು ಹೇಗೆ ಎಂಬುದು ವಿಜ್ಞಾನಿಗಳ ತಲೆನೋವು.

ಇಟ್ಟಿಗೆಯೋ, ಮೇಸ್ತ್ರಿಯೋ?

ಇನ್ನು ಈ ವಿಷಯದ ತಿರುಳಿಗೆ ಬರೋಣ. ಮಜ್ಜೆಯ ಕೋಶವನ್ನು ಇಂಜೆಕ್ಷನ್ನಿನಲ್ಲಿ ಕೀಲಿಗೆ ಹಾಕಿದರೆ ಅದು ಹೋಗಿ ಸವೆದ ಕಡೆ ಕೂತು, ತಾನೇ ಮೃದ್ವಸ್ಥಿಯಾಗಿ, ಗುಂಡಿ ತುಂಬುತ್ತದೆ ಅಂತ ಎಲ್ಲರೂ ಮೊದಲು ಊಹಿಸಿದ್ದರು. ಗೋಡೆಯ ಬಿರುಕಿಗೆ ಇಟ್ಟಿಗೆ ಇಟ್ಟ ಹಾಗೆ. ಕರಪತ್ರಗಳಲ್ಲಿ ಇಂದಿಗೂ ಇದೇ ಚಿತ್ರ. ಆದರೆ ಪ್ರಾಣಿಗಳಲ್ಲಿ ಕೋಶಗಳಿಗೆ ಗುರುತು ಹಚ್ಚಿ ಹಿಂಬಾಲಿಸಿ ನೋಡಿದಾಗ ಹಾಕಿದ ಕೋಶಗಳಲ್ಲಿ ಹೆಚ್ಚಿನವು ಕೆಲವು ದಿನ, ಕೆಲವು ವಾರಗಳಲ್ಲಿ ಇಲ್ಲವಾಗುತ್ತವೆ ಎಂದು ಗೊತ್ತಾಯಿತು. ಇಟ್ಟಿಗೆಯೇ ಕರಗಿ ಹೋದರೆ ಗೋಡೆ ಎಲ್ಲಿಯದು?

ಹಾಗಾದರೆ ಕೆಲವರಿಗೆ ನೋವು ಇಳಿಯುವುದು ಯಾಕೆ? ಈ ಕೋಶಗಳು ಇರುವಷ್ಟು ದಿನ ಹಲವು ರಾಸಾಯನಿಕಗಳನ್ನು ಸ್ರವಿಸುತ್ತವೆ. ಊತವನ್ನು ತಗ್ಗಿಸುವ, ಅಲ್ಲಿಯೇ ಇರುವ ಕೋಶಗಳಿಗೆ ಹುರುಪು ಕೊಡುವ ಸಂದೇಶಗಳು ಅವು. ಅಂದರೆ ಇವು ಗೋಡೆಗೆ ಸೇರುವ ಇಟ್ಟಿಗೆಗಳಲ್ಲ. ಬಂದು, ಜಗಳ ನಿಲ್ಲಿಸಿ, ಇದ್ದ ಆಳುಗಳಿಗೆ ಕೆಲಸ ಹೇಳಿ ಹೊರಟುಹೋಗುವ ಮೇಸ್ತ್ರಿಗಳು. ಈ ಕೋಶಗಳಿಗೆ ಹೆಸರಿಟ್ಟ ಕ್ಯಾಪ್ಲನ್ ಅವರೇ 2017ರಲ್ಲಿ, ಸ್ಟೆಮ್ ಸೆಲ್ ಎಂಬ ಹೆಸರು ಜನರನ್ನು ದಾರಿತಪ್ಪಿಸುತ್ತಿದೆ, ಅದನ್ನು ಬದಲಾಯಿಸಬೇಕು ಎಂದು ಬರೆದರು. ತಾನೇ ಇಟ್ಟ ಹೆಸರನ್ನು ಹಿಂತೆಗೆದುಕೊಳ್ಳುವುದು ಸಣ್ಣ ಮಾತಲ್ಲ.

ಮೇಸ್ತ್ರಿಯೂ ಬೇಕಾದವನೇ. ಆದರೆ ಮೇಸ್ತ್ರಿಯನ್ನು ತೋರಿಸಿ ಇಟ್ಟಿಗೆಯ ಹಣ ಕೇಳುವುದು ವ್ಯಾಪಾರದ ನೀತಿಯಲ್ಲ.

ಬೆಂಗಳೂರಿನ ಎರಡೂವರೆ ಕೋಟಿ

ಇದೆಲ್ಲ ಹೊರದೇಶದ ಮಾತಾಯಿತು ಅನ್ನಬೇಡಿ. ಮಣಿಪಾಲ ಸಮೂಹಕ್ಕೆ ಸೇರಿದ, ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಎಂಬ ಸಂಸ್ಥೆ ಮಜ್ಜೆಯ ಆಕರಕೋಶಗಳಿಂದ ಸ್ಟೆಂಪ್ಯೂಸೆಲ್ ಎಂಬ ಔಷಧಿ ತಯಾರಿಸಿದೆ. ಮೊಣಕಾಲಿನ ಸವೆತಕ್ಕೆ ಅದನ್ನು ಬಳಸಲು ಭಾರತದ ಔಷಧ ಮಹಾನಿಯಂತ್ರಕರು 2022ರಲ್ಲಿ ಒಪ್ಪಿಗೆ ಕೊಟ್ಟರು. ಮುಂಬಯಿಯ ಆಲ್ಕೆಂ ಕಂಪೆನಿ ಅದನ್ನು ಸ್ಟೆಮ್‌ಒನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಇದರಲ್ಲಿ ರೋಗಿಯ ಸ್ವಂತ ಮಜ್ಜೆ ಬಳಸುವುದಿಲ್ಲ. ಹಲವು ಮಂದಿ ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಕೋಶಗಳನ್ನು ಬೇರ್ಪಡಿಸಿ, ಒಟ್ಟುಗೂಡಿಸಿ, ಬೆಳೆಸಿ, ಅತಿ ಶೀತದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಬೇಕಾದಾಗ ಕರಗಿಸಿ ಕೀಲಿಗೆ ಚುಚ್ಚುತ್ತಾರೆ. ಇನ್ನೊಬ್ಬರ ಅಂಗವನ್ನು ನಮ್ಮ ಮೈ ತಿರಸ್ಕರಿಸುತ್ತದಲ್ಲ, ಇದನ್ನು ಯಾಕೆ ತಿರಸ್ಕರಿಸುವುದಿಲ್ಲ ಅಂತ ಕೇಳಬಹುದು. ಈ ವಂಶದ ಕೋಶಗಳು ಮೈಯ ಕಾವಲುಪಡೆಯನ್ನು ಅಷ್ಟಾಗಿ ಕೆರಳಿಸುವುದಿಲ್ಲ, ಬದಲಿಗೆ ಸಮಾಧಾನಪಡಿಸುತ್ತವೆ. ಹೇಗೂ ಅವು ಬಹಳ ದಿನ ಉಳಿಯುವವೂ ಅಲ್ಲ.

ಒಪ್ಪಿಗೆಗೆ ಆಧಾರವಾದ ಮೂರನೆಯ ಹಂತದ ಪರೀಕ್ಷೆಯ ವರದಿ 2023ರಲ್ಲಿ ಅಮೇರಿಕದ ಕ್ರೀಡಾವೈದ್ಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಒಟ್ಟು 146 ರೋಗಿಗಳು. ಒಂದು ಗುಂಪಿಗೆ ಎರಡೂವರೆ ಕೋಟಿ ಕೋಶಗಳ ಒಂದೇ ಇಂಜೆಕ್ಷನ್, ಇನ್ನೊಂದಕ್ಕೆ ಹುಸಿಮದ್ದು. ಎರಡು ಗುಂಪಿಗೂ ಕೀಲು ಜಾರುವಂತೆ ಮಾಡುವ ಹಯಲುರಾನಿಕ್ ಆಮ್ಲ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ಹೀಗೆ ಯಾಕೆ ಮುಚ್ಚಿಡಬೇಕು? ಮೊಣಕಾಲಿಗೆ ಬರೀ ಉಪ್ಪುನೀರು ಚುಚ್ಚಿದರೂ ಬಹಳ ಜನರಿಗೆ ತಿಂಗಳುಗಟ್ಟಲೆ ನೋವು ಕಡಿಮೆಯೆನಿಸುತ್ತದೆ. ನಂಬಿಕೆಯ ಪಾಲನ್ನು ಕಳೆಯದೆ ಮದ್ದಿನ ಪಾಲು ತಿಳಿಯುವುದಿಲ್ಲ.

ವರ್ಷ ಕಳೆದ ಮೇಲೆ ಕೋಶ ಪಡೆದವರಲ್ಲಿ ನೋವು, ಬಿಗಿತ, ಓಡಾಟ ಮೂರರಲ್ಲೂ ಸುಧಾರಣೆ ಹುಸಿಮದ್ದಿನ ಗುಂಪಿಗಿಂತ ಹೆಚ್ಚು. ಚುಚ್ಚಿದ ಕಡೆ ನೋವು, ಊತ ಇದ್ದದ್ದೇ ಮುಖ್ಯ ಉಪದ್ರವ. ಇನ್ನು ಮೃದ್ವಸ್ಥಿಯ ಮಾತು. ಎಮ್‌ಆರ್‌ಐ ಚಿತ್ರದಲ್ಲಿ ಹುಸಿಮದ್ದಿನವರ ಮೃದ್ವಸ್ಥಿಯ ಆಳದ ಪದರ ಕೆಡುತ್ತಾ ಹೋಯಿತು. ಕೋಶ ಪಡೆದವರದು ಕೆಡಲಿಲ್ಲ. ಆದರೆ ಮೃದ್ವಸ್ಥಿಯ ಗಾತ್ರ ಗಣನೀಯವಾಗಿ ಬೆಳೆಯಲೂ ಇಲ್ಲ. ಸವಕಳಿ ನಿಂತಿತು ಅನ್ನಬಹುದು, ಹೊಸ ಆಸ್ತಿ ಬಂತು ಅನ್ನಲಾಗದು. ಮೇಸ್ತ್ರಿಯ ಕಥೆಗೆ ಇದು ಸರಿಯಾಗಿ ಹೊಂದುತ್ತದೆ.

ಇನ್ನೂ ಒಂದು ಮುಖ್ಯ ಅಂಶ. ಎಕ್ಸ್-ರೇ ನೋಡಿ ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಮಾಡುವ ಕ್ರಮ 1957ರಿಂದ ಇದೆ. ಈ ಪರೀಕ್ಷೆ ನಡೆದದ್ದು 2 ಮತ್ತು 3ನೆಯ ದರ್ಜೆಯವರಲ್ಲಿ. ಮೂಳೆಗೆ ಮೂಳೆ ತಾಗಿದ 4ನೆಯ ದರ್ಜೆಯವರಲ್ಲಿ ಅಲ್ಲ.

ತಕ್ಕಡಿಯ ಇನ್ನೊಂದು ತಟ್ಟೆ

ಲೆಕ್ಕ ಅಂದ ಮೇಲೆ ಎರಡೂ ಕಡೆ ಬರೆಯಬೇಕು. ಅಮೇರಿಕದಲ್ಲಿ ಸುಮಾರು 480 ರೋಗಿಗಳನ್ನು ನಾಲ್ಕು ಗುಂಪು ಮಾಡಿ ನಡೆಸಿದ ದೊಡ್ಡ ಪರೀಕ್ಷೆಯ ವರದಿಯೂ 2023ರಲ್ಲೇ ಬಂತು. ಒಂದು ಗುಂಪಿಗೆ ತಮ್ಮದೇ ಮಜ್ಜೆಯನ್ನು ಅದೇ ದಿನ ಯಂತ್ರದಲ್ಲಿ ತಿರುಗಿಸಿ ಸಾಂದ್ರಗೊಳಿಸಿದ ರಸ; ಇನ್ನೊಂದಕ್ಕೆ ತಮ್ಮದೇ ಕೊಬ್ಬಿನಿಂದ ತೆಗೆದ ಕೋಶಗಳು; ಮೂರನೆಯದಕ್ಕೆ ಹೊಕ್ಕುಳಬಳ್ಳಿಯ ಕೋಶಗಳು; ನಾಲ್ಕನೆಯದಕ್ಕೆ ಬಹುಕಾಲದಿಂದ ಕೊಡುತ್ತಾ ಬಂದಿರುವ ಅಗ್ಗದ ಸ್ಟೀರಾಯ್ಡ್ ಇಂಜೆಕ್ಷನ್. ವರ್ಷದ ಕೊನೆಗೆ ನೋವು ಎಲ್ಲರಿಗೂ ಕಡಿಮೆಯಾಗಿತ್ತು. ಆದರೆ ಯಾವ ಕೋಶದ ಮದ್ದೂ ಸ್ಟೀರಾಯ್ಡಿಗಿಂತ ಮೇಲು ಅಂತ ತೋರಲಿಲ್ಲ. ಮೃದ್ವಸ್ಥಿಯ ಚಿತ್ರದಲ್ಲೂ ವ್ಯತ್ಯಾಸವಿಲ್ಲ.

ಬೆಂಗಳೂರಿನದು ಗೆದ್ದಿತು, ಅಮೇರಿಕದ್ದು ಸೋತಿತು, ಇದು ಹೇಗೆ? ಎರಡೂ ಒಂದೇ ಮದ್ದಲ್ಲ ಎಂಬುದನ್ನು ಗಮನಿಸಬೇಕು. ಹಿಂದೆ ನೆನಪಿಡಲು ಹೇಳಿದ ಅಂಕಿ ಇಲ್ಲಿ ಬೇಕು. ಹತ್ತು ಸಾವಿರಕ್ಕೆ, ಲಕ್ಷಕ್ಕೆ ಒಂದೇ ಆಕರಕೋಶ. ಅದೇ ದಿನ ತೆಗೆದು ಅದೇ ದಿನ ಚುಚ್ಚುವ ಮಜ್ಜೆರಸದಲ್ಲಿ ಅವು ಬಹಳ ಕಡಿಮೆ. ವಾರಗಟ್ಟಲೆ ಬೆಳೆಸಿ ಕೊಡುವುದರಲ್ಲಿ ಎರಡೂವರೆ ಕೋಟಿ. ಎರಡಕ್ಕೂ ಸ್ಟೆಮ್ ಸೆಲ್ ಎಂಬ ಒಂದೇ ಚೀಟಿ ಅಂಟಿಸಿದರೆ ಗಿರಾಕಿಗೆ ಗೊತ್ತಾಗುವುದು ಹೇಗೆ? ಹಾಗಂತ ಬೆಳೆಸಿದ ಕೋಶವೇ ಅಂತಿಮ ಉತ್ತರ ಅಂತಲೂ ಅಲ್ಲ. ಹೊಕ್ಕುಳಬಳ್ಳಿಯದೂ ಬೆಳೆಸಿದ ಕೋಶವೇ ಆಗಿತ್ತು. ಹೋಲಿಸಿದ್ದು ಯಾವುದರ ಜತೆ ಎಂಬುದೂ ಮುಖ್ಯ: ಒಂದು ಕಡೆ ಹುಸಿಮದ್ದು, ಇನ್ನೊಂದು ಕಡೆ ನಿಜವಾದ ಮದ್ದು.

ಕೇಳಬೇಕಾದ ಐದು ಪ್ರಶ್ನೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂಥ ಅಂಗೀಕೃತ ಮಜ್ಜೆ ಕಸಿಯನ್ನು ಬಿಟ್ಟರೆ ಉಳಿದ ಆಕರಕೋಶ ಪ್ರಯೋಗಗಳು ಒಪ್ಪಿಗೆ ಪಡೆದ ಚಿಕಿತ್ಸಾ ಪರೀಕ್ಷೆಯೊಳಗೇ ನಡೆಯಬೇಕು. 2019ರ ಹೊಸ ಔಷಧ ನಿಯಮಗಳ ಪ್ರಕಾರ ಆಕರಕೋಶದಿಂದ ತಯಾರಿಸಿದ್ದು ಹೊಸ ಔಷಧಿ. ಮಾರಲು ನಿಯಂತ್ರಕರ ಒಪ್ಪಿಗೆ ಬೇಕು. ಚಿಕಿತ್ಸಾ ಪರೀಕ್ಷೆಗಳನ್ನು ದಾಖಲಿಸುವ ಸರಕಾರದ ಪಟ್ಟಿ 2007ರಿಂದ ಇದೆ. ಮೊಬೈಲ್ ಇರುವ ಯಾರೂ ತೆರೆದು ನೋಡಬಹುದು.

ಇಷ್ಟು ತಿಳಿದ ಮೇಲೆ, ಚೀಟಿ ಹಿಡಿದು ಬಂದವರನ್ನು ಕೇಳಬೇಕಾದ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಒಂದು, ನನ್ನ ಎಕ್ಸ್-ರೇ ಎಷ್ಟನೆಯ ದರ್ಜೆ? ಎರಡು, ಕೊಡುವುದು ಬೆಳೆಸಿದ ಕೋಶವೋ, ಅದೇ ದಿನದ ಮಜ್ಜೆರಸವೋ, ಎಷ್ಟು ಕೋಶ? ಮೂರು, ಇದಕ್ಕೆ ಒಪ್ಪಿಗೆ ಇದೆಯೇ? ಪರೀಕ್ಷೆಯಾದರೆ ಪಟ್ಟಿಯ ಸಂಖ್ಯೆ ಎಷ್ಟು, ಪರೀಕ್ಷೆಗೆ ನನ್ನಿಂದ ಹಣ ಯಾಕೆ? ನಾಲ್ಕು, ಇಳಿಯುವುದು ನೋವೋ, ಬೆಳೆಯುವುದು ಮೃದ್ವಸ್ಥಿಯೋ? ಐದು, ಇದೇ ಹಣದಲ್ಲಿ ಬೇರೆ ಏನು ಸಾಧ್ಯ?

ಐದನೆಯದಕ್ಕೆ ಸ್ವಲ್ಪ ವಿವರ ಬೇಕು. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮಕ್ಕೆ ಖರ್ಚಿಲ್ಲ. ಮೈಯ ಒಂದು ಕಿಲೋ ಇಳಿದರೆ ಮೊಣಕಾಲಿನ ಮೇಲೆ ಪ್ರತಿ ಹೆಜ್ಜೆಗೂ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಪೂರ್ತಿ ಸವೆದವರಿಗೆ ಕೀಲು ಬದಲಿ ಶಸ್ತ್ರಕ್ರಿಯೆ ಇದೆ. ಕೃತಕ ಕೀಲಿನ ಬೆಲೆ ಕೈಗೆಟುಕದಂತಿದ್ದಾಗ ಸರಕಾರ 2017ರ ಆಗಸ್ಟಿನಲ್ಲಿ ಮಿತಿ ಹೇರಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ಗೊತ್ತುಮಾಡಿದ ಬೆಲೆ ತೆರಿಗೆ ಬಿಟ್ಟು 54,720 ರೂಪಾಯಿ.

ಅತ್ತೆಯನ್ನು ಮೂಳೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಎಕ್ಸ್-ರೇ ನೋಡಿ ಅವರು 4ನೆಯ ದರ್ಜೆ ಅಂದರು. ಕರಪತ್ರದ ಮದ್ದು ಯಾವುದೇ ಆಗಿರಲಿ, ಈ ಗಂಟಿಗೆ ಆಗುವಂಥದ್ದಲ್ಲ ಅಂತ ಅತ್ತೆಗೆ ಮನವರಿಕೆಯಾಯಿತು. ಬ್ಯಾಂಕಿನ ಹಣ ಉಳಿಯಿತು. ನೋವೂ ಉಳಿದಿದೆ, ಶಸ್ತ್ರಕ್ರಿಯೆಗೆ ಅವರು ಇನ್ನೂ ಮನಸ್ಸು ಮಾಡಿಲ್ಲ. ಇಷ್ಟೆಲ್ಲ ಓದಿದ್ದರಿಂದ ಅವರ ನೋವು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ ಎಂಬುದು ನಿಜ. ಮೋಸವಾಗಲಿಲ್ಲ ಎಂಬುದೂ ನಿಜ.

ಕೊನೆಯ ಮಾತು

ಹಾಗಾದರೆ ಈ ವಿದ್ಯೆ ಬರೀ ಸುಳ್ಳೇ? ಖಂಡಿತ ಅಲ್ಲ. ಹಂಟರ್ ಬರೆದ ಇನ್ನೂರ ಎಂಬತ್ತು ವರ್ಷಗಳ ಬಳಿಕ, ಸವೆತವನ್ನು ಒಂದು ವರ್ಷವಾದರೂ ತಡೆದು ನಿಲ್ಲಿಸಿದ ಗುರುತು ಸಿಕ್ಕಿದ್ದೇ ದೊಡ್ಡದು. ಕೋಶವನ್ನು ಜಾರಿಹೋಗದಂತೆ ಹಿಡಿದಿಡುವ ಚೌಕಟ್ಟುಗಳು, ಕೋಶದ ಬದಲು ಅದು ಸ್ರವಿಸುವ ರಸವನ್ನೇ ಬಳಸುವ ಯತ್ನಗಳು ನಡೆದಿವೆ. ನಮ್ಮ ಮೊಣಕಾಲು ಸವೆಯುವ ಕಾಲಕ್ಕೆ ಗುಂಡಿ ತುಂಬುವ ಮದ್ದೂ ಬಂದೀತು. ಆದರೆ ಬರಬೇಕಾದ ಬಾಕಿಯನ್ನು ಕೈಗೆ ಬಂದ ನಗದು ಅಂತ ಬರೆಯಬಾರದು ಎಂಬುದು ಲೆಕ್ಕಶಾಸ್ತ್ರದ ಮೊದಲ ವರ್ಷದ ಪಾಠ.

ವಾಚಕ ಮಿತ್ರರಲ್ಲಿ ಒಂದು ವಿನಂತಿ. ನಮ್ಮ ಮನೆಗಳಲ್ಲಿ ಇಂಗ್ಲಿಷ್ ಬರುವವರು ಹೆಚ್ಚಾಗಿ ನಾವೇ. ಇಂಥ ಕರಪತ್ರ ಮನೆಗೆ ಬಂದಾಗ ಹಿರಿಯರು ಅದನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ, ಕೇಳಲು ಸಂಕೋಚಪಡುತ್ತಾರೆ. ಅವರು ಕೇಳುವ ಮೊದಲೇ ಅವರ ಪಕ್ಕ ಕೂತು, ಮೇಲಿನ ಐದು ಪ್ರಶ್ನೆ ಇಟ್ಟುಕೊಂಡು, ಕನ್ನಡದಲ್ಲಿ ಓದಿ ಹೇಳೋಣ. ಅದಕ್ಕೆ ವಿಜ್ಞಾನದ ವಿದ್ಯಾರ್ಥಿಯೇ ಆಗಬೇಕೆಂದಿಲ್ಲ.